ಹಾಸಿಗೆ ಸುತ್ತಿಡುವ ಜಾಗ

ಕಳೆದ ವರ್ಷ ಅಕ್ಕ ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡಳು. ಬ್ಯಾಂಕಿನ ಸಾಲ ಮಂಜೂರಾದ ವಾರವೇ ಒಳಾಂಗಣ ವಿನ್ಯಾಸ ಮಾಡುವವರು ಬಂದು ಅಳತೆ ತೆಗೆದುಕೊಂಡು ಹೋದರು. ನಾಲ್ಕು ದಿನ ಕಳೆದ ಮೇಲೆ ನನ್ನ ಫೋನಿಗೆ ಒಂದು ಚಿತ್ರ ಬಂತು. ಬೂದು ಬೆರೆತ ಬಿಳಿ ಗೋಡೆ, ನೆಲಕ್ಕೆ ಹತ್ತಿಕೊಂಡಂತಿರುವ ತಿಳಿಬಣ್ಣದ ಮರದ ಮಂಚ, ಬಣ್ಣ ಹಾಕದ ಲಿನನ್ ಹೊದಿಕೆ, ಕಾಗದದ ದೀಪ, ಮಣ್ಣಿನ ಹೂಜಿಯಲ್ಲಿ ಒಂದೇ ಒಂದು ಒಣಕಡ್ಡಿ. ಕೆಳಗೆ ‘ಜಪಾಂಡಿ ಮಾಸ್ಟರ್ ಬೆಡ್‌ರೂಮ್’ ಎಂದಿತ್ತು. ಹಿಂದೆಯೇ ಅಕ್ಕನ ಪ್ರಶ್ನೆ: ‘ನೀ ಇತಿಹಾಸ ಓದಾಕಿ ಅಲಾ, ಹೆಂಗೈತಿ ಹೇಳು.’

ನಾನಾಗ ಧಾರವಾಡದ ಮನೆಯಲ್ಲಿದ್ದೆ. ಚಿತ್ರವನ್ನು ಅವ್ವನಿಗೆ ತೋರಿಸಿದೆ. ಫ್ಲ್ಯಾಟ್ ಸಿದ್ಧವಾದ ಮೇಲೆ ಅವ್ವ ಅಕ್ಕನ ಜೊತೆಗೇ ಇರಬೇಕೆಂದು ಮನೆಯಲ್ಲಿ ಮಾತಾಗಿತ್ತು. ಅವ್ವ ಮಂಚದ ಮೇಲೆ ಮಲಗುವವಳಲ್ಲ. ರಾತ್ರಿ ಹತ್ತಿಯ ಹಾಸಿಗೆ ಬಿಡಿಸಿ, ಅದರ ಮೇಲೆ ಕೌದಿ ಹಾಸಿ ಮಲಗುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಸುತ್ತಿ ಮೂಲೆಗಿಡುತ್ತಾಳೆ. ಚಿತ್ರವನ್ನು ದೊಡ್ಡದು ಮಾಡಿ, ಅತ್ತಿತ್ತ ಸರಿಸಿ ನೋಡಿದ ಅವಳು ಕೇಳಿದ್ದು ಇಷ್ಟೇ: ‘ಎಲ್ಲಾ ಚಲೋ ಐತಿ. ನನ್ನ ಹಾಸಿಗಿ ಸುರುಳಿ ಎಲ್ಲಿ ಇಡ್ಬೇಕು?’

ನನ್ನ ಪಿಎಚ್‌ಡಿ ಸಂಶೋಧನೆ ಇಪ್ಪತ್ತನೇ ಶತಮಾನದ ಕಾರ್ಮಿಕ ವಸತಿಯನ್ನು ಕುರಿತದ್ದು. ಬೇರೆ ಬೇರೆ ದೇಶಗಳಲ್ಲಿ ಬಡವರು ಎಲ್ಲಿ, ಹೇಗೆ ಮಲಗುತ್ತಿದ್ದರು ಎಂಬುದನ್ನು ಓದುವುದು ಅದರ ಒಂದು ಭಾಗ. ಅವ್ವನ ಪ್ರಶ್ನೆ ಕೇಳಿದಾಗ ಒಂದು ವಿಚಿತ್ರ ಹೊಳೆಯಿತು. ಜಪಾನಿನ ಹೆಸರು ಹೊತ್ತ ಈ ಕೋಣೆಯಲ್ಲಿ ಸುತ್ತಿಟ್ಟ ಹಾಸಿಗೆಗೆ ಜಾಗವಿಲ್ಲ. ಆದರೆ ಜಪಾನಿನ ಕೋಣೆ ಹುಟ್ಟಿದ್ದೇ ಹಾಸಿಗೆಯನ್ನು ಎತ್ತಿಡುವ ಪದ್ಧತಿಯಿಂದ. ಇದು ಹೇಗಾಯಿತು ಎಂದು ತಿಳಿಯಲು ಈ ಎರಡು ನಾಡುಗಳು ಒಂದನ್ನೊಂದು ನೋಡಿದ ಬಗೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

‘ಜಪಾಂಡಿ’ ಎಂಬ ಪದಕ್ಕೆ ವಯಸ್ಸು ಹೆಚ್ಚಿಲ್ಲ. ಜಪಾನ್ ಮತ್ತು ಸ್ಕ್ಯಾಂಡಿನೇವಿಯಾ ಎರಡನ್ನೂ ಕತ್ತರಿಸಿ ಜೋಡಿಸಿದ ಈ ಮಾತು ಹಬ್ಬಿದ್ದು 2010ರ ದಶಕದ ಕೊನೆಯ ಭಾಗದಲ್ಲಿ. ಒಳಾಂಗಣ ಅಲಂಕಾರದ ಪತ್ರಿಕೆಗಳು ಇದನ್ನು ವಿವರಿಸುವುದು ಎರಡು ಪದಗಳಿಂದ: ಅಪೂರ್ಣವಾದದ್ದರಲ್ಲಿ, ಹಳೆಯದಾದದ್ದರಲ್ಲಿ ಚೆಲುವು ಕಾಣುವ ಜಪಾನಿನ ‘ವಾಬಿ ಸಾಬಿ’ ಮತ್ತು ಬೆಚ್ಚಗೆ, ನೆಮ್ಮದಿಯಾಗಿ ಇರುವ ಡೆನ್ಮಾರ್ಕಿನ ‘ಹ್ಯೂಗ’. ಎರಡೂ ಸುಂದರ ಪದಗಳೇ. ಆದರೆ ಮಲಗುವ ಕೋಣೆಯ ಇತಿಹಾಸ ಮನಸ್ಸಿನ ಭಾವದಷ್ಟೇ ನೆಲದ ಅಳತೆ, ಹತ್ತಿಯ ಬೆಲೆ, ಮನೆಯ ಬಾಡಿಗೆ ಇವುಗಳ ಇತಿಹಾಸವೂ ಹೌದು.

ಮೊದಲು ಜಪಾನ್. ಅಲ್ಲಿನ ಕೋಣೆಯನ್ನು ಅಳೆಯುವುದು ಅದರಲ್ಲಿ ಹಿಡಿಸುವ ತತಾಮಿ ಚಾಪೆಗಳ ಲೆಕ್ಕದಲ್ಲಿ. ಒಂದು ಚಾಪೆ ಸುಮಾರು 90 ಸೆಂಟಿಮೀಟರ್ ಅಗಲ, 180 ಸೆಂಟಿಮೀಟರ್ ಉದ್ದ; ಹೆಚ್ಚುಕಡಿಮೆ ಒಬ್ಬ ಮನುಷ್ಯ ಮಲಗುವಷ್ಟು. ಕ್ಯೋಟೋದ ಗಿಂಕಾಕುಜಿ ದೇವಾಲಯದ ಆವರಣದಲ್ಲಿ ಶೋಗನ್ ಅಶಿಕಾಗಾ ಯೋಶಿಮಾಸಾ 1486ರಲ್ಲಿ ಕಟ್ಟಿಸಿದ ಕಟ್ಟಡವೊಂದಿದೆ. ಅದರಲ್ಲಿರುವ ಅವನ ಓದಿನ ಕೋಣೆಯ ಅಳತೆ ನಾಲ್ಕೂವರೆ ಚಾಪೆ. ಜಪಾನಿನ ಮನೆಗಳಲ್ಲಿ ಮುಂದೆ ಸಾಮಾನ್ಯವಾದ ಕೋಣೆಯ ಅಳತೆಗಳಲ್ಲಿ ಇದೂ ಒಂದು. ಇಂಥ ಕೋಣೆಗೆ ನಿಗದಿಯಾದ ಕೆಲಸವಿಲ್ಲ. ಹಗಲು ಚಿಕ್ಕ ಮೇಜಿಟ್ಟರೆ ಊಟದ ಮನೆ, ಅತಿಥಿ ಬಂದರೆ ಪಡಸಾಲೆ, ರಾತ್ರಿ ಹಾಸಿಗೆ ಹಾಸಿದರೆ ಮಲಗುವ ಮನೆ. ಬೆಳಿಗ್ಗೆ ಹಾಸಿಗೆ ಮಡಿಸಿ ಇಡುವುದು ‘ಒಶಿಇರೆ’ ಎಂಬ, ಜಾರುಬಾಗಿಲಿನ ಗೋಡೆಗೂಡಿನಲ್ಲಿ. ಅದರ ಆಳವೂ ಸುಮಾರು 90 ಸೆಂಟಿಮೀಟರ್, ಒಂದು ಚಾಪೆಯ ಅಗಲ. ನಾವು ಚಿತ್ರಗಳಲ್ಲಿ ನೋಡಿ ಮೆಚ್ಚುವ ಜಪಾನಿನ ಖಾಲಿ ಕೋಣೆಯ ಗುಟ್ಟು ಈ ಗೂಡು. ಕೋಣೆ ಖಾಲಿ ಇರುವುದು ಗೂಡು ತುಂಬಿರುವುದರಿಂದ, ಮತ್ತು ಯಾರೋ ಒಬ್ಬರು ದಿನಾ ಬೆಳಿಗ್ಗೆ ಅದನ್ನು ತುಂಬುವುದರಿಂದ.

ಆ ಯಾರೋ ಒಬ್ಬರು ಸಾಮಾನ್ಯವಾಗಿ ಮನೆಯ ಹೆಂಗಸು ಅಥವಾ ಆಳು. ಹಾಸಿದ ಹಾಸಿಗೆ ಎತ್ತದೆ ಹಾಗೇ ಬಿಟ್ಟರೆ ಜಪಾನೀ ಭಾಷೆಯಲ್ಲಿ ಅದಕ್ಕೊಂದು ಹೀಯಾಳಿಕೆಯ ಪದವಿದೆ: ‘ಮನ್ನೆಂದೊಕೊ’, ಅಂದರೆ ಹತ್ತು ಸಾವಿರ ವರ್ಷದ ಹಾಸಿಗೆ. ಹೊತ್ತು ಏರಿದರೂ ಹಾಸಿಗೆ ಎತ್ತದ ಮಕ್ಕಳನ್ನು ನಮ್ಮ ಅವ್ವಂದಿರು ಬೈಯುವಾಗ ಇಂಥದ್ದೇ ಒಂದು ಪದ ಸಿಕ್ಕಿದ್ದರೆ ಸಂತೋಷಪಡುತ್ತಿದ್ದರು.

ಆದರೆ ಒಶಿಇರೆ ಎಲ್ಲರಿಗೂ ಇರಲಿಲ್ಲ. ಇಂದಿನ ಟೋಕಿಯೋ ಆಗಿರುವ ಎದೋ ನಗರದಲ್ಲಿ ಬಡ ಕುಶಲಕರ್ಮಿಗಳು, ಚಿಲ್ಲರೆ ವ್ಯಾಪಾರಿಗಳು ಇದ್ದದ್ದು ‘ನಾಗಯಾ’ ಎಂಬ ಸಾಲುಮನೆಗಳಲ್ಲಿ. ತೀರಾ ಸಾಮಾನ್ಯವಾದ ಒಂದು ಮನೆಯ ಅಳತೆ ಸುಮಾರು 2.7 ಮೀಟರ್ ಅಗಲ, 3.6 ಮೀಟರ್ ಉದ್ದ. ಬಾಗಿಲಲ್ಲಿ ಮಣ್ಣಿನ ನೆಲದ ಅಡುಗೆ ಜಾಗ, ಒಳಗೆ ನಾಲ್ಕೂವರೆ ಚಾಪೆಯಷ್ಟು ನೆಲ. ಶೋಗನ್‌ನ ಓದಿನ ಕೋಣೆಯ ಅಳತೆಯಲ್ಲಿ ಇಲ್ಲಿ ಇಡೀ ಸಂಸಾರ! ಗೋಡೆಗೂಡು ಕಟ್ಟಲು ಜಾಗವಿಲ್ಲದ್ದರಿಂದ ಹಾಸಿಗೆಯನ್ನು ಮಡಿಸಿ ಮೂಲೆಯಲ್ಲಿ ಪೇರಿಸಿ, ಮುಂದೆ ಒಂದು ಗಿಡ್ಡ ಮಡಿಚು ಪರದೆ ನಿಲ್ಲಿಸುತ್ತಿದ್ದರು.

ಹತ್ತಿ ತುಂಬಿದ ದಪ್ಪ ಹಾಸಿಗೆ ಕೂಡ ಬಹುಕಾಲ ಉಳ್ಳವರ ವಸ್ತುವೇ ಆಗಿತ್ತು. ಜಪಾನಿನಲ್ಲಿ ಹತ್ತಿಯ ಬೇಸಾಯ ಹರಡಿದ್ದು ಹದಿನಾರನೇ ಶತಮಾನದಿಂದೀಚೆಗೆ. ಚಳಿ ಹೆಚ್ಚಿರುವ ಉತ್ತರದ ಪ್ರಾಂತ್ಯಗಳಲ್ಲಿ ಅದು ಬೆಳೆಯುತ್ತಲೇ ಇರಲಿಲ್ಲ. ಅಲ್ಲಿನ ರೈತರು ಹುಲ್ಲಿನ ಮೇಲೆ ಮಲಗಿ, ಚಿಂದಿಗೆ ಚಿಂದಿ ಸೇರಿಸಿ ಹೊಲಿದ ಹೊದಿಕೆ ಹೊದೆಯುತ್ತಿದ್ದರು. ಇಂಥ ತೇಪೆ ಬಟ್ಟೆಗೆ ‘ಬೋರೊ’ ಎಂದು ಹೆಸರು. ನಮ್ಮ ಕೌದಿಯ ದೂರದ ಅಕ್ಕತಂಗಿ ಎನ್ನಬಹುದು. ಇಂದು ಅವು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದಿವೆ. ಹತ್ತಿಯ ಹಾಸಿಗೆ ಸಾಮಾನ್ಯರ ಮನೆಗೆ ಬಂದದ್ದು ಮೇಜಿ ಕಾಲದಲ್ಲಿ ಅಗ್ಗದ ವಿದೇಶಿ ಹತ್ತಿ ಸಿಗತೊಡಗಿದ ಮೇಲೆ. ಅದರಲ್ಲಿ ಭಾರತದ್ದೊಂದು ದೊಡ್ಡ ಪಾಲು. 1893ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರ ಸಹಕಾರದಿಂದ ನಿಪ್ಪಾನ್ ಯೂಸೆನ್ ಕೈಶಾ ಕಂಪನಿ ಬೊಂಬಾಯಿಗೆ ಹಡಗು ಸಂಚಾರ ಆರಂಭಿಸಿತು. ಅದರ ಮುಖ್ಯ ಸರಕೇ ಹತ್ತಿ. 1896ರಲ್ಲಿ ಜಪಾನ್ ಸರ್ಕಾರ ಕಚ್ಚಾ ಹತ್ತಿಯ ಮೇಲಿನ ಆಮದು ಸುಂಕ ತೆಗೆದುಹಾಕಿತು. ಗಿರಣಿಗಳಿಗಾಗಿ ಬಂದ ಹತ್ತಿಯ ದೆಸೆಯಿಂದ ಜನರ ಹಾಸಿಗೆಯೂ ದಪ್ಪವಾಯಿತು.

ಈ ಹೊತ್ತಿಗೆ ಉತ್ತರ ಯುರೋಪು ಜಪಾನನ್ನು ನೋಡಲು ಶುರುಮಾಡಿತ್ತು. ಡೆನ್ಮಾರ್ಕ್ 1867ರಲ್ಲಿ, ಆಗ ಒಂದೇ ಅರಸನ ಕೆಳಗಿದ್ದ ಸ್ವೀಡನ್ ಮತ್ತು ನಾರ್ವೆ 1868ರಲ್ಲಿ ಜಪಾನಿನೊಡನೆ ಒಪ್ಪಂದ ಮಾಡಿಕೊಂಡವು. ಮೊದಲು ಕಣ್ಣಿಗೆ ಬಿದ್ದದ್ದು ಮರದಚ್ಚಿನ ಚಿತ್ರಗಳು ಮತ್ತು ಪಿಂಗಾಣಿ. ಡೆನ್ಮಾರ್ಕಿನ ಕಲಾವಿಮರ್ಶಕ ಕಾರ್ಲ್ ಮ್ಯಾಡ್ಸನ್ 1885ರಲ್ಲಿ ಜಪಾನಿನ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ. ಅದೇ ವರ್ಷ ರಾಯಲ್ ಕೋಪನ್‌ಹೇಗನ್ ಪಿಂಗಾಣಿ ಕಾರ್ಖಾನೆಯ ಕಲಾನಿರ್ದೇಶಕನಾದ ಆರ್ನಾಲ್ಡ್ ಕ್ರೋಗ್, ಜಪಾನೀ ಚಿತ್ರಗಳಲ್ಲಿದ್ದಂತೆ ಬಿಳಿಯ ಜಾಗವನ್ನು ಖಾಲಿ ಬಿಟ್ಟು ಒಂದು ಕಡೆ ಮಾತ್ರ ಚಿತ್ರ ಬಿಡಿಸುವುದನ್ನು ತಂದ. ಸ್ವೀಡನ್ನಿನ ಕಾರ್ಲ್ ಲಾರ್ಸನ್ ಜಪಾನೀ ಅಚ್ಚುಗಳಿಂದ ಗೆರೆಯ ಸ್ಪಷ್ಟತೆ ಕಲಿತು, ಸುಂಡ್‌ಬೋರ್ನ್ ಹಳ್ಳಿಯ ತನ್ನ ಮನೆಯ ಒಳಗನ್ನೇ ಚಿತ್ರಿಸಿದ. 1899ರಲ್ಲಿ ‘ಒಂದು ಮನೆ’ ಎಂಬ ಹೆಸರಿನಲ್ಲಿ ಆ ಚಿತ್ರಗಳ ಪುಸ್ತಕ ಬಂದು ಬಹಳ ಜನಪ್ರಿಯವಾಯಿತು. ಆ ಮನೆಯ ಪರದೆ, ಹೊದಿಕೆ, ಮೇಜುಬಟ್ಟೆಗಳನ್ನು ನೇಯ್ದವಳು, ಹಲವು ಪೀಠೋಪಕರಣಗಳನ್ನು ಯೋಚಿಸಿದವಳು ಅವನ ಹೆಂಡತಿ ಕರಿನ್. ಅವಳೂ ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ್ತಿಯೇ.

ಅದೇ 1899ರಲ್ಲಿ ಸ್ವೀಡನ್ನಿನ ಲೇಖಕಿ ಎಲೆನ್ ಕೇ ‘ಎಲ್ಲರಿಗೂ ಸೌಂದರ್ಯ’ ಎಂಬ ಪುಸ್ತಕ ಪ್ರಕಟಿಸಿದಳು. ಮನೆಯ ವಸ್ತು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದರೆ ಅದೇ ಅದರ ಚೆಲುವು, ಅದು ಬಡವರ ಮನೆಗೂ ಸಿಗಬೇಕು ಎಂಬುದು ಅವಳ ವಾದದ ಸಾರ. 1919ರಲ್ಲಿ ಗ್ರೆಗೊರ್ ಪೌಲ್ಸನ್ ‘ಹೆಚ್ಚು ಸುಂದರವಾದ ದಿನಬಳಕೆಯ ವಸ್ತು’ ಎಂಬ ಪುಸ್ತಕದಲ್ಲಿ ಇದನ್ನೇ ಕಾರ್ಖಾನೆಗಳ ಮುಂದಿಟ್ಟ. ಸ್ಕ್ಯಾಂಡಿನೇವಿಯದ ಸರಳತೆ ಎಂದು ಇಂದು ನಾವು ಕರೆಯುವುದರ ಬೇರು ಇಲ್ಲಿದೆ. ಹುಟ್ಟುವಾಗ ಅದು ‘ಎಲ್ಲರಿಗೂ’ ಎಂಬ ಮಾತಿನೊಂದಿಗೇ ಹುಟ್ಟಿತು.

ಇಲ್ಲಿಯವರೆಗೆ ಜಪಾನಿನಿಂದ ಉತ್ತರ ಯುರೋಪಿಗೆ ಹೋದದ್ದರ ಕತೆಯಾಯಿತು. ಮರಳಿ ಬಂದದ್ದರ ಕತೆ ನನಗೆ ಇನ್ನೂ ಇಷ್ಟ. 1925ರಲ್ಲಿ ಯನಾಗಿ ಸೊಯೆತ್ಸು ಮತ್ತು ಅವನ ಗೆಳೆಯರಾದ ಕುಂಬಾರ ಕಲಾವಿದರು ಹಮಾದಾ ಶೋಜಿ, ಕವಾಯ್ ಕಂಜಿರೊ ಸೇರಿ ‘ಮಿಂಗೈ’ ಎಂಬ ಪದ ಕಟ್ಟಿದರು. ಜನಸಾಮಾನ್ಯರ ಕರಕುಶಲ ಎಂದು ಅರ್ಥ. ಹೆಸರಿಲ್ಲದ ಕೈಗಳು ದಿನದ ಬಳಕೆಗೆಂದು ಮಾಡಿದ ಬಟ್ಟಲು, ಬುಟ್ಟಿ, ಬಟ್ಟೆಗಳಲ್ಲಿ ಚೆಲುವನ್ನು ಕಾಣುವ ಚಳವಳಿ ಅದು. 1929ರಲ್ಲಿ ಯನಾಗಿ ಮತ್ತು ಹಮಾದಾ ಸ್ಟಾಕ್‌ಹೋಮಿಗೆ ಹೋದರು. ಅಲ್ಲಿ ನಾರ್ಡಿಸ್ಕಾ ಮ್ಯೂಸಿಯಮ್ಮನ್ನೂ, ಆರ್ಟುರ್ ಹಾಸೇಲಿಯುಸ್ 1891ರಲ್ಲಿ ತೆರೆದ ಸ್ಕಾನ್ಸೆನ್ ಬಯಲು ಸಂಗ್ರಹಾಲಯವನ್ನೂ ನೋಡಿದರು. ಸ್ವೀಡನ್ನಿನ ಮೂಲೆ ಮೂಲೆಗಳಿಂದ ರೈತರ ಮನೆಗಳನ್ನು ಬಿಚ್ಚಿ ತಂದು, ಅವರ ಪಾತ್ರೆ, ಹಾಸಿಗೆ, ತೊಟ್ಟಿಲುಗಳ ಸಮೇತ ಅಲ್ಲಿ ಮತ್ತೆ ನಿಲ್ಲಿಸಲಾಗಿತ್ತು. ಸಾಮಾನ್ಯರ ವಸ್ತುಗಳಿಗೆಂದೇ ಒಂದು ಸಂಗ್ರಹಾಲಯ ಸಾಧ್ಯ ಎಂಬುದನ್ನು ಯನಾಗಿ ಕಣ್ಣಾರೆ ಕಂಡ. 1936ರಲ್ಲಿ ಟೋಕಿಯೋದ ಕೊಮಾಬಾದಲ್ಲಿ ಅವನ ಜಾನಪದ ಕರಕುಶಲ ಸಂಗ್ರಹಾಲಯ ತೆರೆಯಿತು. ಅದಕ್ಕೆ ಒಂದು ವರ್ಷ ಮುಂಚೆ, 1935ರಲ್ಲಿ, ಸ್ಟಾಕ್‌ಹೋಮಿನ ಜನಾಂಗ ಅಧ್ಯಯನ ಸಂಗ್ರಹಾಲಯದ ತೋಟದಲ್ಲಿ ‘ಜುಯ್ ಕಿ ತೇ’ ಎಂಬ ಜಪಾನೀ ಚಹಾ ಕುಟೀರ ನಿಂತಿತ್ತು.

ಇವೆಲ್ಲ ನೋಡುವವರ, ಸಂಗ್ರಹಿಸುವವರ ಲೋಕ. ಅದೇ ಊರುಗಳಲ್ಲಿ ಸಾಮಾನ್ಯರು ಆಗ ಎಲ್ಲಿ ಮಲಗುತ್ತಿದ್ದರು?

ಸ್ವೀಡನ್ ಇಂದು ಶ್ರೀಮಂತ ದೇಶ. 1930ರ ದಶಕದಲ್ಲಿ ಅಲ್ಲಿನ ನಗರಗಳ ಕಾರ್ಮಿಕ ಕುಟುಂಬಗಳ ಪಾಲಿಗೆ ಮನೆ ಎಂದರೆ ಹೆಚ್ಚಾಗಿ ಒಂದು ಕೋಣೆ, ಒಂದು ಅಡುಗೆಮನೆ. ಹಗಲು ಬೆಂಚಿನಂತಿದ್ದು ರಾತ್ರಿ ಎಳೆದರೆ ಹಾಸಿಗೆಯಾಗುವ ಮರದ ಸೋಫಾ ಅಡುಗೆಮನೆಯಲ್ಲಿ ಇರುತ್ತಿತ್ತು; ಮಕ್ಕಳು ಅದರಲ್ಲಿ ಮಲಗುತ್ತಿದ್ದರು. ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ದಂಪತಿ 1934ರಲ್ಲಿ ಬರೆದ ಜನಸಂಖ್ಯೆಯ ಬಿಕ್ಕಟ್ಟಿನ ಕುರಿತ ಪುಸ್ತಕದಲ್ಲಿ ಈ ಇಕ್ಕಟ್ಟು ರಾಜಕೀಯದ ಪ್ರಶ್ನೆಯಾಯಿತು. (ಆಲ್ವಾ ಮಿರ್ಡಾಲ್ ಮುಂದೆ 1955ರಿಂದ 1961ರವರೆಗೆ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು.) 1941ರಲ್ಲಿ ಬ್ರಿಟಾ ಓಕರ್ಮನ್ ಎಂಬಾಕೆ ‘ತನ್ನ ಮನೆಯನ್ನು ಮೀರಿ ಬೆಳೆದ ಕುಟುಂಬ’ ಎಂಬ ಅಧ್ಯಯನ ಪ್ರಕಟಿಸಿದಳು. ಸ್ಟಾಕ್‌ಹೋಮಿನ ಮನೆಗಳಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಯಾವ ಕೋಣೆ ಏನಕ್ಕೆ ಬಳಕೆಯಾಗುತ್ತದೆ ಎಂದು ಅದರಲ್ಲಿ ನೋಡಲಾಗಿತ್ತು. ಆ ಕಾಲದ ಇಂಥ ಅಧ್ಯಯನಗಳಲ್ಲಿ ಕಂಡ ಒಂದು ಸಂಗತಿ ಮನಸ್ಸಿಗೆ ತಾಗುತ್ತದೆ. ಎಷ್ಟೋ ಕುಟುಂಬಗಳು ಇದ್ದ ಕೋಣೆಗಳಲ್ಲಿ ಚೆಂದದ್ದನ್ನು ಅತಿಥಿಗಳಿಗೆಂದು ಖಾಲಿ ಇಟ್ಟು, ಉಳಿದ ಜಾಗದಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದವು.

ಮುಂದಿನ ವರ್ಷವೇ, ಅಂದರೆ 1942ರಲ್ಲಿ, ಜಪಾನಿನ ನಿಶಿಯಾಮಾ ಉಜೋ ಊಟದ ಜಾಗ ಮತ್ತು ಮಲಗುವ ಜಾಗವನ್ನು ಬೇರ್ಪಡಿಸುವ ಕುರಿತ ತನ್ನ ಪ್ರಸಿದ್ಧ ಲೇಖನ ಪ್ರಕಟಿಸಿದ. ಯುದ್ಧದ ಕಾಲ, ವಸ್ತುಗಳ ಕೊರತೆ. ಜಪಾನೀ ಕೋಣೆ ಹೇಗೂ ಎಲ್ಲದಕ್ಕೂ ಆಗುತ್ತದೆ, ಆದ್ದರಿಂದ ಬಡವರಿಗೆ ಒಂದೇ ಕೋಣೆ ಸಾಕು ಎಂದು ವಾದಿಸುವುದು ಆಗ ಸುಲಭವಿತ್ತು. ನಿಶಿಯಾಮಾ ಕಾರ್ಮಿಕರ ಸಣ್ಣ ಮನೆಗಳನ್ನು ಸಮೀಕ್ಷೆ ಮಾಡಿ ತೋರಿಸಿದ್ದು ಬೇರೆ. ಎಷ್ಟೇ ಇಕ್ಕಟ್ಟಾದರೂ ಜನ ಮಲಗುವ ಜಾಗವನ್ನು ಕಿರಿದುಮಾಡಿಕೊಂಡಾದರೂ ಊಟಕ್ಕೆ ಪ್ರತ್ಯೇಕ ಜಾಗ ಉಳಿಸಿಕೊಳ್ಳುತ್ತಿದ್ದರು. ಒಂದು ಕೋಣೆ ಎಲ್ಲದಕ್ಕೂ ಸಾಕೆಂಬುದು ಅವರ ಆಯ್ಕೆಯಾಗಿರಲಿಲ್ಲ. 1951ರಲ್ಲಿ ರೂಪುಗೊಂಡ ‘51ಸಿ’ ಎಂಬ ಸರ್ಕಾರಿ ವಸತಿಯ ನಕ್ಷೆ ಈ ವಿಚಾರವನ್ನು ಗೋಡೆಗಳಿಗೆ ಇಳಿಸಿತು: ಮಲಗಲು ಎರಡು ತತಾಮಿ ಕೋಣೆ, ಊಟಕ್ಕೂ ಜಾಗವಿರುವ ಅಡುಗೆಮನೆ. 1955ರಲ್ಲಿ ಸ್ಥಾಪನೆಯಾದ ಜಪಾನ್ ವಸತಿ ನಿಗಮ ಇದನ್ನು ದೇಶದ ತುಂಬ ಹರಡಿತು.

ಈ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಅನ್ನಿಸಿದ್ದು ಇದು. ಜಪಾನ್ ಮತ್ತು ಸ್ಕ್ಯಾಂಡಿನೇವಿಯಾ ನಿಜವಾಗಿ ಸಮೀಪ ಬಂದ ಕ್ಷಣ ಚಹಾ ಕುಟೀರದಲ್ಲಿ ಮಾತ್ರ ಇಲ್ಲ, ಇಲ್ಲಿಯೂ ಇದೆ. ಒಬ್ಬಳು ಸ್ಟಾಕ್‌ಹೋಮಿನಲ್ಲಿ, ಒಬ್ಬ ಜಪಾನಿನಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ, ಇಕ್ಕಟ್ಟಿನ ಮನೆಗಳ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: ರಾತ್ರಿ ಇಲ್ಲಿ ಯಾರು ಎಲ್ಲಿ ಮಲಗುತ್ತಾರೆ?

ಯುದ್ಧದ ನಂತರ ಎರಡೂ ಕಡೆ ಉತ್ತರಗಳು ಬಂದವು. ಡೆನ್ಮಾರ್ಕಿನಲ್ಲಿ ಕೋರೆ ಕ್ಲಿಂಟ್ 1920ರ ದಶಕದಲ್ಲೇ ಮನೆಯ ತಟ್ಟೆ, ಅಂಗಿಗಳನ್ನು ಎಣಿಸಿ ಅಳೆದು, ಅದಕ್ಕೆ ತಕ್ಕಂತೆ ಕಪಾಟು ಮಾಡುವುದನ್ನು ತನ್ನ ಶಿಷ್ಯರಿಗೆ ಕಲಿಸಿದ್ದ. ಅವರಲ್ಲೊಬ್ಬನಾದ ಬೋರ್ಗೆ ಮೋಗೆನ್ಸೆನ್ 1942ರಿಂದ ಗ್ರಾಹಕರ ಸಹಕಾರಿ ಒಕ್ಕೂಟಕ್ಕಾಗಿ ಅಗ್ಗದ, ಗಟ್ಟಿಯಾದ ಪೀಠೋಪಕರಣ ರೂಪಿಸಿದ. ಮುಂದೆ 1950ರ ದಶಕದಲ್ಲಿ ಗ್ರೇಟೆ ಮೇಯರ್ ಜೊತೆ ಸೇರಿ ಗೋಡೆಯ ಕಪಾಟುಗಳ ಒಂದು ಇಡೀ ವ್ಯವಸ್ಥೆಯನ್ನೇ ಯೋಚಿಸಿದ. ಜಪಾನಿನ ಒಶಿಇರೆಯಂತೆಯೇ ಇಲ್ಲಿಯೂ ಸರಳ ಕೋಣೆಯ ಹಿಂದೆ ಇದ್ದದ್ದು ಇಡುವ ಜಾಗದ ಲೆಕ್ಕಾಚಾರ. ಅತ್ತ ಯನಾಗಿಯ ಮಗ ಯನಾಗಿ ಸೋರಿ 1954ರಲ್ಲಿ ಬಾಗಿಸಿದ ಪ್ಲೈವುಡ್‌ನಿಂದ ‘ಚಿಟ್ಟೆ’ ಸ್ಟೂಲ್ ರೂಪಿಸಿದ. ಚಾಪೆಯ ನಾಡಿನಲ್ಲಿ ಕೂರುವ ಆಸನ ಹೊಸ ಅಗತ್ಯವಾಗುತ್ತಿತ್ತು. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ‘ವೈ’ ಕುರ್ಚಿಗೆ ಜಪಾನಿನಲ್ಲಿ ಇಂದಿಗೂ ಅಪಾರ ಬೇಡಿಕೆ.

ಆಮೇಲೆ ಅಂಗಡಿಗಳ ಕಾಲ. ಸ್ವೀಡನ್ನಿನ ಐಕಿಯಾ 1974ರಲ್ಲಿ ಜಪಾನಿಗೆ ಹೋಯಿತು, 1986ರಲ್ಲಿ ಹಿಂದೆ ಸರಿಯಿತು, 2006ರಲ್ಲಿ ಮತ್ತೆ ಹೋಯಿತು. ಜಪಾನಿನ ಮುಜಿ 1980ರಲ್ಲಿ, ಹೆಸರಿನ ಮುದ್ರೆಯಿಲ್ಲದ ಸಾದಾ ವಸ್ತುಗಳ ಸರಣಿಯಾಗಿ ಶುರುವಾಯಿತು. ಬೆಂಗಳೂರಿಗೆ ಮುಜಿ 2016ರಲ್ಲಿ ಬಂತು, ನಾಗಸಂದ್ರದಲ್ಲಿ ಐಕಿಯಾ 2022ರಲ್ಲಿ ತೆರೆಯಿತು. ‘ಜಪಾಂಡಿ’ ನಮ್ಮ ಫ್ಲ್ಯಾಟುಗಳ ಬಾಗಿಲಿಗೆ ಬರುವ ಹೊತ್ತಿಗೆ ಅದರ ಹಿಂದೆ ಒಂದೂವರೆ ಶತಮಾನದ ಹೋಗುಬರುವಿಕೆ ಇತ್ತು. ದಾರಿಯಲ್ಲಿ ಬಣ್ಣ, ಮರ, ಗೆರೆ ಉಳಿದುಕೊಂಡವು. ಬಿಟ್ಟುಹೋದದ್ದು ಹಾಸಿಗೆ ಇಡುವ ಗೂಡು, ಅಡುಗೆಮನೆಯ ಎಳೆಸೋಫಾ, ಮತ್ತು ಅವುಗಳಲ್ಲಿ ಮಲಗಿ ಎದ್ದ ಜನ.

ಹಾಗೆಂದು ಅಕ್ಕನ ಆಸೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ನಾವು ಬೆಳೆದ ಮನೆಯಲ್ಲಿ ಅವಳಿಗೆ ಒಂದು ಕೋಣೆ ಎಂಬುದೇ ಇರಲಿಲ್ಲ. ಪಡಸಾಲೆಯಲ್ಲಿ ಸಾಲಾಗಿ ಹಾಸಿದ ಹಾಸಿಗೆಗಳಲ್ಲಿ ನಾವಿಬ್ಬರೂ ಮದುವೆಯ ವಯಸ್ಸಿನವರೆಗೆ ಮಲಗಿದ್ದೇವೆ. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಆರಿಸಿ ಎಂದು ಯಾರೋ ಗೊಣಗುತ್ತಿದ್ದುದು ಅವಳಿಗೆ ನೆನಪಿದೆ. ಬಾಗಿಲು ಹಾಕಿಕೊಳ್ಳಬಹುದಾದ, ಕಣ್ಣಿಗೆ ಏನೂ ಚುಚ್ಚದ ಒಂದು ಕೋಣೆ ಅವಳು ಹದಿನೈದು ವರ್ಷ ದುಡಿದು ಪಡೆದದ್ದು. ಒಂದು ಕೋಣೆ ಎಲ್ಲದಕ್ಕೂ ಸಾಕು ಎನ್ನುವವರಿಗೆ ನಿಶಿಯಾಮಾ ಕೊಟ್ಟ ಉತ್ತರ ಅವಳಿಗೂ ಸಲ್ಲುತ್ತದೆ. ಆದರೆ ಅವಳ ಖಾಲಿ ಕೋಣೆಗೆ ಅವ್ವನ ಹಾಸಿಗೆ ಬೆಲೆಯಾಗಬಾರದಲ್ಲ.

ಅಂದು ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ಒಶಿಇರೆಯ ಬಗ್ಗೆ ಹೇಳಿದೆ, ಎದೋದ ಸಾಲುಮನೆಗಳ ಪರದೆಯ ಬಗ್ಗೆ ಹೇಳಿದೆ, ಆಮೇಲೆ ಅವ್ವ ಕೇಳಿದ್ದನ್ನು ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಆ ಗೂಡು ಎಷ್ಟ ಆಳ ಅಂದಿ?’ ಎಂದು ಕೇಳಿದಳು. 90 ಸೆಂಟಿಮೀಟರ್ ಎಂದೆ. ಎರಡನೇ ಕೋಣೆಯಲ್ಲಿ ಓದುವ ಮೇಜು ಮತ್ತು ಪುಸ್ತಕದ ಶೆಲ್ಫು ಎಂದು ನಕ್ಷೆಯಲ್ಲಿ ಬರೆದಿದ್ದ ಗೋಡೆಯನ್ನು ಮತ್ತೆ ಅಳೆಯಲು ಹೇಳುತ್ತೇನೆ ಎಂದಳು.

ಈಗ ಆ ಕೋಣೆಯಲ್ಲಿ ಜಾರುಬಾಗಿಲಿನ ಒಂದು ಗೂಡಿದೆ. ಅಷ್ಟು ಆಳ ಸಿಗಲಿಲ್ಲ, 60 ಸೆಂಟಿಮೀಟರಿಗೇ ಮುಗಿಯಿತು. ಸುರುಳಿಯನ್ನು ನಿಲ್ಲಿಸಿ ಇಡಬೇಕು. ಬೆಳಿಗ್ಗೆ ಅವ್ವ ಹಾಸಿಗೆ ಸುತ್ತಿ ಒಳಗಿಟ್ಟು ಬಾಗಿಲು ಸರಿಸುತ್ತಾಳೆ. ಮೊಣಕಾಲು ನೋಯುವ ದಿನ ಆ ಕೆಲಸ ಭಾವ ಮಾಡುತ್ತಾರಂತೆ. ಆಮೇಲೆ ಆ ಕೋಣೆಯೂ ಚಿತ್ರದಲ್ಲಿದ್ದ ಕೋಣೆಯಷ್ಟೇ ಖಾಲಿಯಾಗಿ ಕಾಣುತ್ತದೆ.